ರ‍್ಯಾಂಕ್ ಬರುವ ಮೊದಲೇ ರೊಕ್ಕದ ಲೆಕ್ಕ

ಹುಬ್ಬಳ್ಳಿ-ಧಾರವಾಡದ ಕಡೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆ ತುಂಬ ಒಂದೇ ಮಾತು: ರ‍್ಯಾಂಕ್ ಎಷ್ಟು, ಸೀಟು ಎಲ್ಲಿ. ರೊಕ್ಕದ ಮಾತು ಬರುವುದು ಸೀಟು ಹಂಚಿಕೆಯಾಗಿ, ಶುಲ್ಕ ಕಟ್ಟಲು ಕೈಬೆರಳಲ್ಲಿ ಎಣಿಸುವಷ್ಟು ದಿನ ಉಳಿದಾಗ. ನಾನಿರುವ ಟೆಕ್ಸಾಸ್‌ನಲ್ಲಿ ಇದು ತಿರುವುಮುರುವು. ಮೊದಲು ಖರ್ಚಿನ ಲೆಕ್ಕ, ಆಮೇಲೆ ಕಾಲೇಜಿನ ಹೆಸರು. ಅಮೆರಿಕದ ಪದ್ಧತಿಯಿಂದ ನಾವು ಊರಿಗೆ ತರಬೇಕಾದ್ದು ಈ ಕ್ರಮವೊಂದೇ, ಉಳಿದದ್ದು ಅಲ್ಲೇ ಇದ್ದರೂ ನಷ್ಟವಿಲ್ಲ ಎಂಬುದು ನನ್ನ ಅನಿಸಿಕೆ.

ಇಲ್ಲಿ ಕಾಲೇಜು ಓದಿನ ಹಣಕಾಸು ನೆರವಿಗೆಂದು ಫಾಫ್ಸಾ ಎಂಬ ಕೇಂದ್ರ ಸರ್ಕಾರದ ಅರ್ಜಿಯೊಂದಿದೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಅದು ಕೇಳುವುದು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ. 2027ರಲ್ಲಿ ಕಾಲೇಜು ಸೇರುವವರಿಗೆ 2025ರ ಆದಾಯವೇ ಆಧಾರ. ಹೀಗಾಗಿ ಹತ್ತನೇ ತರಗತಿಯಲ್ಲೇ ಪಾಲಕರು ಹಣದ ಮಾತಿಗೆ ಕೂರಲೇಬೇಕಾಗುತ್ತದೆ. ಟೆಕ್ಸಾಸ್ ಸರ್ಕಾರವಂತೂ 2021-22ರಲ್ಲಿ, ಈ ಅರ್ಜಿ ತುಂಬದಿದ್ದರೆ ಅಥವಾ ಬೇಡವೆಂದು ಬರೆದುಕೊಡದಿದ್ದರೆ ಹೈಸ್ಕೂಲ್ ಮುಗಿದಂತಲ್ಲ ಎಂಬ ನಿಯಮವನ್ನೇ ತಂದಿತು. ಇನ್ನೊಂದು ಒಳ್ಳೆಯ ಕಾನೂನು 2011ರಿಂದ ಜಾರಿಯಲ್ಲಿದೆ: ಮನೆಯ ಆದಾಯ ಹಾಕಿದರೆ ನೆರವು ಕಳೆದು ಕೈಯಿಂದ ಎಷ್ಟು ಬೀಳಬಹುದು ಎಂದು ತೋರಿಸುವ ಲೆಕ್ಕಪಟ್ಟಿಯನ್ನು ಕೇಂದ್ರದ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇಡಬೇಕು. ಆ ಪಟ್ಟಿಯಲ್ಲಿ ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್, ಊಟ, ಪುಸ್ತಕ, ಓಡಾಟ ಎಲ್ಲವೂ ಸೇರಿರುತ್ತದೆ.

ಹಾಗೆಂದು ಅಮೆರಿಕದ ದಾರಿ ಸಸೂತ್ರ ಎಂದುಕೊಳ್ಳಬೇಡಿ. ಶಾಲೆಯಲ್ಲಿ 250 ಮಕ್ಕಳಿಗೆ ದಾರಿ ತೋರಲು ಒಬ್ಬ ಕೌನ್ಸೆಲರ್ ಇರಬೇಕೆಂಬುದು ಶಾಲಾ ಕೌನ್ಸೆಲರುಗಳ ಸಂಘದ ಶಿಫಾರಸು. ಎಷ್ಟೋ ಶಾಲೆಗಳಲ್ಲಿ ಒಬ್ಬರ ತಲೆಯ ಮೇಲೆ ಅದಕ್ಕಿಂತ ಬಹಳ ಹೆಚ್ಚು ಮಕ್ಕಳಿರುತ್ತಾರೆ. ಪ್ರವೇಶದ ಅರ್ಜಿಯ ಪ್ರಬಂಧ ತಿದ್ದಿಕೊಡುವ ಖಾಸಗಿ ಸಲಹೆಗಾರರಿಗೆ ಸಾವಿರಾರು ಡಾಲರ್ ಸುರಿಯುವ ಮನೆಗಳಿವೆ. ಇಷ್ಟೆಲ್ಲ ಆಗಿ ಪ್ರವೇಶ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಯಾರೂ ಹೇಳುವುದಿಲ್ಲ. ನಮ್ಮ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಈ ವಿಷಯದಲ್ಲಿ ಎಷ್ಟೋ ವಾಸಿ. ಎಂಜಿನಿಯರಿಂಗ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ರ‍್ಯಾಂಕ್ ಬಹಿರಂಗ, ಹಿಂದಿನ ವರ್ಷದ ಕಟ್-ಆಫ್ ಬಹಿರಂಗ, ಶುಲ್ಕ ಬಹಿರಂಗ. ಇಷ್ಟು ಮಾಹಿತಿ ಮೊದಲೇ ಕೈಯಲ್ಲಿದ್ದೂ ನಾವು ಕೊನೇ ವಾರಕ್ಕೆ ಲೆಕ್ಕ ಇಟ್ಟುಕೊಳ್ಳುವುದೇ ನನಗೆ ಸೋಜಿಗ.

ನಮ್ಮಲ್ಲಿ ಸೀಟು ಕೈತಪ್ಪುವುದು ಎಷ್ಟೋ ಸಲ ಪರೀಕ್ಷೆಯಲ್ಲಲ್ಲ, ಕಾಗದದಲ್ಲಿ. ಅದೂ ಪರೀಕ್ಷೆಗಿಂತ ನಾಲ್ಕೈದು ವರ್ಷ ಮೊದಲೇ. ಕುಂದಗೋಳ ತಾಲೂಕಿನ ಹಳ್ಳಿಯ ಹುಡುಗ ಏಳನೇ ತರಗತಿವರೆಗೆ ಊರ ಸಾಲಿಯಲ್ಲಿ ಕಲಿತು, ಎಂಟಕ್ಕೆ ಹುಬ್ಬಳ್ಳಿಯ ಶಾಲೆ ಸೇರುತ್ತಾನೆ ಎನ್ನಿ. ಗ್ರಾಮೀಣ ಮೀಸಲಾತಿ ಶೇ 15, ಆದರೆ ಅದಕ್ಕೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಒಂದು ವರ್ಷ ಕಡಿಮೆಯಾದರೂ ಹಕ್ಕು ಹೋಯಿತು. ಶೇ 5ರ ಕನ್ನಡ ಮಾಧ್ಯಮದ ಮೀಸಲಾತಿಯೂ ಹಾಗೆಯೇ. ಆರನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಹಿಂದಿನ ಐದು ವರ್ಷ ಲೆಕ್ಕಕ್ಕಿಲ್ಲ. ಶಾಲೆ ಬದಲಿಸಬಾರದು ಎಂದಲ್ಲ, ಏನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಬದಲಿಸುವ ದಿನವೇ ಗೊತ್ತಿರಬೇಕು. ಈ ಮಾತನ್ನು ಎಂಟನೇ ತರಗತಿಯ ಪಾಲಕರಿಗೆ ಹೇಳುವವರೇ ಇಲ್ಲ. (ಗದಗ ಜಿಲ್ಲೆಯ ಮುಂಡರಗಿಯವರು ಇನ್ನೊಂದು ಗೊಂದಲಕ್ಕೆ ಬೀಳುತ್ತಾರೆ: ಪಕ್ಕದ ಕೊಪ್ಪಳಕ್ಕಿರುವ, ಸಂವಿಧಾನದ 371(ಜೆ) ವಿಧಿಯ ಪ್ರಾದೇಶಿಕ ಮೀಸಲಾತಿ ಸೌಲಭ್ಯ ಗದಗ ಜಿಲ್ಲೆಗಿಲ್ಲ.)

ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದರಿಂದಲೂ ತರಬೇಕು. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಟ್ಟರೆ ಎರಡು ವರ್ಷದ ನಂತರ ಬಿಇಒ ಕಚೇರಿಯ ಮುಂದಿನ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೂ ಅಷ್ಟೇ. ಅದರ ಅವಧಿ ಪ್ರವೇಶದ ತನಕ ಇರುತ್ತದೆಯೇ ಎಂದು ದಿನಾಂಕ ನೋಡಿಕೊಳ್ಳಿ. ಬೋಧನಾ ಶುಲ್ಕ ಮನ್ನಾ ಇರುವ, ನಿಗದಿತ ಸಂಖ್ಯೆಗಿಂತ ಹೆಚ್ಚುವರಿಯಾದ ಶೇ 5ರ ಸೂಪರ್‌ನ್ಯೂಮರರಿ ಸೀಟುಗಳಿಗೆ ಕುಟುಂಬದ ಆದಾಯದ ಮಿತಿ 8 ಲಕ್ಷ ರೂಪಾಯಿ. ಆದಾಯದ ಕಾಗದ ಇಲ್ಲದವರಿಗೆ ಆ ಬಾಗಿಲು ತೆರೆಯದು.

ಉತ್ತರ ಕರ್ನಾಟಕಕ್ಕೇ ವಿಶೇಷವಾದ ತೊಡಕು ಅಡ್ಡಹೆಸರಿನದು. ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೆಯದೇ ರೂಪ. ಸಿಇಟಿ ಹೇಗೋ ದಾಟುತ್ತದೆ, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣದ ಎಸ್‌ಎಸ್‌ಪಿ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಈ ಹಣ ಆಧಾರ್ ಮೂಲಕ ಜಮೆಯಾಗುವುದರಿಂದ, ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ಕಿನ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಬಿದ್ದಿರುವ ಹಣಕ್ಕಾಗಿ ಕಾಲೇಜಿನ ಗುಮಾಸ್ತರ ಜೊತೆ ಜಗಳ ಕಾಯುವವರನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು.

ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ವಿದ್ಯಾನಿಧಿ ವಿದ್ಯಾರ್ಥಿವೇತನಕ್ಕೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಹೊಲದ ಉತಾರ (ಪಹಣಿ) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿ ವಾರಸುದಾರರ ಹೆಸರು ಏರಿಸದೆ ಗತಿಯಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿಂದುಳಿದ ವರ್ಗದವರಿಗೆ, ಹಾಸ್ಟೆಲ್ ಸಿಗದಿದ್ದಾಗ, ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000 ರೂಪಾಯಿ ಇದೆ. ಸರ್ಕಾರಿ ಶಾಲೆಯಲ್ಲಿ ಹತ್ತು ಮತ್ತು ಹನ್ನೆರಡು ಮುಗಿಸಿದ ಹುಡುಗಿಯರು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನದ ವರ್ಷದ 30,000 ರೂಪಾಯಿಗೆ ಅರ್ಜಿ ಹಾಕಲೇಬೇಕು.

ಇನ್ನು ಒಟ್ಟು ಖರ್ಚು. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಹಾವೇರಿಯ ಹುಡುಗಿ ಮನೆಯೂಟ ಮಾಡಿಕೊಂಡು, ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲದೆ ಅಲ್ಲಿಗೆ ಹೋಗಿಬರಬಹುದು. ಅದೇ ರ‍್ಯಾಂಕಿಗೆ ಬೆಂಗಳೂರಿನ ಸಾಧಾರಣ ಖಾಸಗಿ ಕಾಲೇಜೂ ಸಿಗುತ್ತದೆ. ಶುಲ್ಕ ಮಾತ್ರ ಹೋಲಿಸಿದರೆ ಅಂತರ ಸ್ವಲ್ಪ ದೊಡ್ಡದು, ಪಿಜಿ ಬಾಡಿಗೆ, ಊಟ, ಓಡಾಟವನ್ನು ನಾಲ್ಕು ವರ್ಷಕ್ಕೆ ಗುಣಿಸಿದರೆ ಎದೆ ನಡುಗುವಷ್ಟು ದೊಡ್ಡದು. ಬೆಂಗಳೂರು ಬೇಡ ಎನ್ನುತ್ತಿಲ್ಲ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿದ ಮೇಲೆ ಹೋಗಲಿ.

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದಕ್ಕೆ, ಈ ಲೆಕ್ಕವೇ ತಳಪಾಯ. ಹಂಚಿಕೆ ರ‍್ಯಾಂಕ್ ಪ್ರಕಾರ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಪಟ್ಟಿಯಲ್ಲಿ ಮೇಲಿನಿಂದ ಮೊದಲು ಖಾಲಿಯಿರುವ ಸೀಟು ನಿಮ್ಮದು. ಆದ್ದರಿಂದ ಸಿಗಲಾರದು ಎಂಬ ಅಂಜಿಕೆಯಿಂದ ಬೇಕಾದ ಕಾಲೇಜನ್ನು ಕೆಳಗೆ ತಳ್ಳುವುದರಲ್ಲಿ ಅರ್ಥವಿಲ್ಲ. ಮೇಲಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಕಟ್ಟಲಾಗದ ಶುಲ್ಕದ ಕಾಲೇಜು ಪಟ್ಟಿಯಲ್ಲಿ ಇರಲೇಬಾರದು. ನೆಟ್ ಸೆಂಟರಿನವರು ಅವಸರದಲ್ಲಿ ಒತ್ತುವ ಪಟ್ಟಿಗಳಲ್ಲಿ ತಪ್ಪು ಹೆಚ್ಚಾಗುವುದು ಇಲ್ಲೇ. ಪಟ್ಟಿಯನ್ನು ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ, ಅಣಕು ಹಂಚಿಕೆ ನೋಡಿ ತಿದ್ದಿ, ಕೊನೆಗೆ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ಸಾಲುಸಾಲಾಗಿ ಓದಿ. ಹಂಚಿಕೆಯ ನಂತರದ ಚಾಯ್ಸ್ 2 ಎಂದರೆ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಮೇಲಿನ ಆಯ್ಕೆ ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದು. ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ. ಒಂದಂಕಿಯ ವ್ಯತ್ಯಾಸ ಒಂದು ವರ್ಷ ತಿನ್ನಬಲ್ಲದು.

ಸಾಲದ ಮಾತಿನಲ್ಲಿ ಅಮೆರಿಕದ ಒಂದು ಅಂಕಿ ನನಗೆ ಹಿಡಿಸುತ್ತದೆ: ಪಾಲಕರ ಆಶ್ರಯದಲ್ಲಿರುವ ವಿದ್ಯಾರ್ಥಿ ಮೊದಲ ವರ್ಷ ತನ್ನ ಹೆಸರಿನಲ್ಲಿ ಕೇಂದ್ರ ಸರ್ಕಾರದಿಂದ ಪಡೆಯಬಹುದಾದ ಸಾಲ 5,500 ಡಾಲರ್ ದಾಟುವಂತಿಲ್ಲ. ನಮ್ಮ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಜೊತೆಗೆ ಸಹಿ ಹಾಕುವ ತಂದೆಯ ಬೆಳೆಸಾಲವೋ ಬಂಗಾರದ ಸಾಲವೋ ಕಟಬಾಕಿಯಾಗಿ ಸಿಬಿಲ್ ಅಂಕ ಬಿದ್ದಿರುವುದರಿಂದ. ಹಾಗಾಗಿ ಮಗ ಪಿಯು ಮೊದಲ ವರ್ಷದಲ್ಲಿರುವಾಗಲೇ ಅದನ್ನೊಮ್ಮೆ ನೋಡಿಕೊಳ್ಳಿ. ಇನ್ನು ಕಂತು: ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 6 ಲಕ್ಷ, ಶೇ 10 ಬಡ್ಡಿ ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷ ಕಳೆಯುವಷ್ಟರಲ್ಲಿ ಸರಳ ಬಡ್ಡಿಯೇ 2.1 ಲಕ್ಷ ಸೇರಿ 8.1 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಹದಿನೈದು ವರ್ಷಕ್ಕಾದರೆ 8,700. ಆಪ್ಷನ್ ಪಟ್ಟಿಯಲ್ಲಿ ಪ್ರತಿ ಕಾಲೇಜಿನ ಮುಂದೆ ಪೆನ್ಸಿಲ್‌ನಲ್ಲಿ ಬರೆಯಬೇಕಾದ ಅಂಕಿ ಇದು.

ಇದನ್ನೆಲ್ಲ ಮಾಡಲು ಅಮೆರಿಕದಂಥ ಕೌನ್ಸೆಲರ್ ಹುದ್ದೆಯೇ ಬೇಕೆಂದಿಲ್ಲ. ಪ್ರತಿ ಪಿಯು ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಜವಾಬ್ದಾರಿ ವಹಿಸಿ, ದಸರಾ ರಜೆ ಮುಗಿದ ಮೇಲಿನ ಮೊದಲ ಭಾನುವಾರ ಪಾಲಕರನ್ನು ಕರೆಸಿದರೆ ಸಾಕು. ಬರುವಾಗ ಆಧಾರ್, ಅಂಕಪಟ್ಟಿ, ಪಾಸ್‌ಬುಕ್, ಉತಾರ ನಾಲ್ಕನ್ನೂ ತರಲಿ. ಹೆಸರು ಹೊಂದದವರ ಪಟ್ಟಿ ಅಂದೇ ಆಗಲಿ, ತಿದ್ದುಪಡಿಗೆ ಜನವರಿಯ ಗಡುವಿರಲಿ. ಹೊರನಾಡಿನಿಂದ ಹಳೆಯ ಕಾಲೇಜಿಗೆ ಏನಾದರೂ ಕೊಡಬೇಕೆನ್ನುವವರು ಗೋಡೆಯ ಮೇಲೆ ಹೆಸರು ಕೆತ್ತಿಸುವುದಕ್ಕಿಂತ ಆ ಉಪನ್ಯಾಸಕರ ಕೋಣೆಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ವರ್ಷದ ಇಂಟರ್‌ನೆಟ್ ಖರ್ಚು ಕೊಡಲಿ.