ದೊಡ್ಡ ಬ್ಯಾಟರಿ, ಸಣ್ಣ ಪೂಜಾರಿ

ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರು ಕೊಂಡವನಿಗೆ ಮೊದಲು ತಗಲುವ ಕಾಯಿಲೆ ಕಿವಿಯದು. ಹಳೆಯ ಪೆಟ್ರೋಲ್ ಕಾರಿನಲ್ಲಿ ಹನ್ನೊಂದು ವರ್ಷ ಏನೇನು ಸದ್ದು ಬಂತೋ, ಎಂಜಿನ್ನಿನ ಗುರುಗುರು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಈಗ ಆ ಗುರುಗುರು ಇಲ್ಲ. ಹಿಂದಿನ ಸೀಟಿನಲ್ಲಿ ಯಾರಾದರೂ ಕಡಲೆಕಾಯಿ ಸುಲಿದರೂ ಬೇರಿಂಗ್ ಹೋಯಿತೇನೋ ಎಂದು ನನ್ನ ಎದೆ ಧಸಕ್ಕೆನ್ನುತ್ತದೆ.

ಕಾರಿಗೆ ಮೂರು ವರ್ಷ ತುಂಬುವ ಹೊತ್ತಿಗೆ, ಫೆಬ್ರವರಿಯಲ್ಲಿ, ಒಂದು ಸದ್ದು ಶುರುವಾಯಿತು. ಗಂಟೆಗೆ ಸರಿಯಾಗಿ 42 ಕಿಲೋಮೀಟರ್ ವೇಗದಲ್ಲಿ ಮಾತ್ರ ‘ಕಿರ್ರ್’. ನಲವತ್ತರಲ್ಲಿ ಇಲ್ಲ, ನಲವತ್ತೈದರಲ್ಲೂ ಇಲ್ಲ. ಈ ಮೋಟಾರಿನೊಳಗೆ ತಿರುಗುವುದೆಂದರೆ ಒಂದು ರೋಟರ್, ಅದನ್ನು ಹಿಡಿದ ಬೇರಿಂಗು, ಆಚೆಗೆ ನಾಲ್ಕು ಗೇರು. ಪಿಸ್ಟನ್, ವಾಲ್ವ್, ಕ್ಲಚ್ಚು ಯಾವುದರ ರಗಳೆಯೂ ಇಲ್ಲ. ಕೆಡಲು ಇರುವುದೇ ಇಷ್ಟಾದ್ದರಿಂದ ಕೆಟ್ಟಿರುವುದು ಬೇರಿಂಗೇ ಎಂದು ತೀರ್ಮಾನಿಸಿದೆ. ಮೂರು ರಾತ್ರಿ ಕೂತು ಓದಿಯೂ ಓದಿದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರಿನ ಕರೆಂಟು ದಾರಿ ತಪ್ಪಿ ಬೇರಿಂಗಿನ ಗುಂಡುಗಳ ಮೂಲಕ ಹರಿದರೆ ಅವುಗಳ ಮೈಮೇಲೆ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಗುಳಿ ಬೀಳುತ್ತವಂತೆ. ನಾಲ್ಕನೆಯ ರಾತ್ರಿ ಗುಂಡುಗಳು ಕನಸಿನಲ್ಲೇ ಬಂದವು.

ಸರ್ವೀಸ್ ಸೆಂಟರಿನ ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸುತ್ತು ಓಡಿಸಿದ. ಮುಖದಲ್ಲಿ ಹೃದಯದ ಡಾಕ್ಟರರ ಗಾಂಭೀರ್ಯ. ಮೂರನೆಯ ಸುತ್ತಿನಲ್ಲಿ ಗಾಡಿ ನಿಲ್ಲಿಸಿ, ಇಳಿದುಹೋಗಿ ಡಿಕ್ಕಿ ತೆರೆದ. ಒಳಗೆ ಅಮ್ಮನಿಗೆ ವಾಪಸು ಕೊಡಲೆಂದು ನಾನು ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಮಿಡಿ ಉಪ್ಪಿನಕಾಯಿಯ ಖಾಲಿ ಭರಣಿ. ಅದರ ಮುಚ್ಚಳವನ್ನು ಬೆರಳಿನಿಂದ ಅಲುಗಿಸಿದ. ‘ಕಿರ್ರ್.’

ಜಾಬ್ ಕಾರ್ಡನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ದೂರು: ಮೋಟಾರಿನಲ್ಲಿ ಸದ್ದು. ಕ್ರಮ: ಭರಣಿಗೆ ಬಟ್ಟೆ ಸುತ್ತಲಾಯಿತು.

ಇದು ನನ್ನೊಬ್ಬನ ಕಾಯಿಲೆಯಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಸಿರು ಪ್ಲೇಟಿನವರು ಐದು ಮಂದಿ ಇದ್ದೇವೆ. ಮೊದಲು ಸಂಜೆಯ ವಾಕಿಂಗಿನಲ್ಲಿ ಷುಗರ್, ಬೀಪಿ ಮಾತಾಡುತ್ತಿದ್ದವರು ಈಗ ಬ್ಯಾಟರಿಯ ಆರೋಗ್ಯ ಮಾತಾಡುತ್ತೇವೆ. ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಬ್ಯಾಟರಿಯ ಕಸುವು ಶೇಕಡಾ ಎಷ್ಟು ಉಳಿದಿದೆ ಎಂದು ಫೋನಿಗೆ ಹೇಳುವ ಹೆಬ್ಬೆರಳು ಗಾತ್ರದ ಸಾಧನ ಒಬ್ಬರ ಹತ್ತಿರ ಇದೆ. ಭಾನುವಾರ ಬೆಳಗ್ಗೆ ಅವರ ಕಾರಿನ ಮುಂದೆ ನಾವು ಲ್ಯಾಬಿನ ರಿಪೋರ್ಟಿಗೆ ಕಾಯುವವರ ಹಾಗೆ ನಿಂತಿರುತ್ತೇವೆ. ‘ನಿಮ್ಮದೆಷ್ಟು ಬಂತು?’ ‘ತೊಂಬತ್ತಾರು.’ ‘ನಂದು ತೊಂಬತ್ಮೂರು ಕಣ್ರೀ, ಫಾಸ್ಟ್ ಚಾರ್ಜಿಂಗು ಜಾಸ್ತಿಯಾಯ್ತು ಅನ್ಸುತ್ತೆ.’ ಆ ಮನುಷ್ಯ ಮೈಸೂರ್ ಪಾಕು ಜಾಸ್ತಿ ತಿಂದೆ ಎಂದು ಇದೇ ಮುಖ ಮಾಡಿಕೊಂಡು ಹೇಳಿದ್ದನ್ನೂ ನಾನು ಕೇಳಿದ್ದೇನೆ.

ಎಷ್ಟರವರೆಗೆ ಚಾರ್ಜ್ ಮಾಡಬೇಕು ಎಂಬುದರಲ್ಲಂತೂ ನಮ್ಮಲ್ಲಿ ಸ್ಮಾರ್ತ-ವೈಷ್ಣವರಷ್ಟು ಭೇದ. ಕಾರಿನ ಲಿಥಿಯಂ ಬ್ಯಾಟರಿಯಲ್ಲಿ ಎರಡು ಜಾತಿ, ನಿಕ್ಕಲ್ಲಿನದು ಮತ್ತು ಕಬ್ಬಿಣದ ಫಾಸ್ಫೇಟಿನದು. ನಿಕ್ಕಲ್ ಬ್ಯಾಟರಿಯವರು ಶೇಕಡಾ ಎಂಬತ್ತಕ್ಕೆ ನಿಲ್ಲಿಸಿ, ಸದಾ ತುಂಬಿಸಿಟ್ಟರೆ ಆಯುಸ್ಸು ಕಡಿಮೆ ಎನ್ನುತ್ತಾರೆ. ಕಬ್ಬಿಣದ ಫಾಸ್ಫೇಟಿನವರು ವಾರಕ್ಕೊಮ್ಮೆಯಾದರೂ ನೂರು ಮುಟ್ಟಿಸಿ ಎನ್ನುತ್ತಾರೆ. ಎರಡೂ ನಿಜವೇ. ಎರಡನೆಯದರ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ: ಗ್ಯಾಸ್ ಸಿಲಿಂಡರು. ತುಂಬಿದ್ದಾಗಲೂ ಅದೇ ಉರಿ, ಮುಗಿಯುವ ಹಿಂದಿನ ದಿನವೂ ಅದೇ ಉರಿ. ಉರಿ ನೋಡಿ ಒಳಗೆಷ್ಟಿದೆ ಎಂದು ಹೇಳಲಾಗದು. ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜೂ ಹಾಗೆ ಮಟ್ಟಸ. ಆಗೀಗ ಪೂರ್ತಿ ತುಂಬಿಸಿದರೆ ಕಾರಿನ ಲೆಕ್ಕ ಸರಿಯಾಗುತ್ತದೆ. ನನ್ನದು ಈ ಪಂಗಡದ್ದು.

ನಮ್ಮ ಮಾತೆಲ್ಲ ಕೇಳಿ ನಗುವವರು ಮೊದಲ ಮಹಡಿಯ ಹಿರಿಯರು. ಅವರ ಹತ್ತಿರ ರೇವಾ ಇತ್ತು. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಬಿಡುಗಡೆಯಾದ, ಚೇತನ್ ಮೈನಿಯವರ ಎರಡು ಬಾಗಿಲಿನ ಪುಟ್ಟ ಕಾರು. ಮುಂದೆ ಲಂಡನ್ನಿನ ಬೀದಿಯಲ್ಲೂ ಜಿ-ವಿಜ಼್ ಎಂಬ ಹೆಸರಲ್ಲಿ ಓಡಿತು. ‘ನಾನು ಬ್ಯಾಟರಿಗೆ ನೀರು ಕುಡಿಸಿ ಸಾಕಿದವನು ಕಣಯ್ಯ’ ಎನ್ನುತ್ತಾರೆ, ಹಸು ಸಾಕಿದವರ ಧಾಟಿಯಲ್ಲಿ. ಸೀಸದ ಬ್ಯಾಟರಿ ಎಂಟು, ಒಟ್ಟು 48 ವೋಲ್ಟು. ‘ನಿಮ್ಮದೇನಿದೆ, ಬರೀ ಫೋನ್ ನೋಡಿಕೊಂಡು ಗಾಬರಿಯಾಗೋದು.’

ಈ ಮಾತನ್ನು ಆಗಲೇ ಗಂಭೀರವಾಗಿ ತಗೊಳ್ಳಬೇಕಿತ್ತು.

ಏಪ್ರಿಲಿನಲ್ಲಿ ಪುತ್ತೂರಿನ ಹತ್ತಿರ ಅಕ್ಕನ ಮಗನ ಉಪನಯನ. ಹಾಸನದಲ್ಲಿ ಚಾರ್ಜಿಗೆ ನಿಲ್ಲಿಸಿದೆವು. ಖಾಲಿ ಬಸ್ಸಿಗೆ ಜನ ನುಗ್ಗುವ ಹಾಗೆ ಕರೆಂಟು ಸರಸರ ಹತ್ತಿತು, ಎಂಬತ್ತರ ಮೇಲೆ ಒಬ್ಬೊಬ್ಬರೇ ಸೀಟು ಹುಡುಕಿ ಕೂರುವ ಹಾಗೆ ತೆವಳತೊಡಗಿತು. ಶಿರಾಡಿ ಘಾಟಿಯಲ್ಲಿ ಮಾತ್ರ ನಾನು ರಾಜ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಮೋಟಾರೇ ಡೈನಮೋ ಆಗುತ್ತದೆ. ಮಾರನಹಳ್ಳಿಯಲ್ಲಿ ಶೇಕಡಾ 58 ಚಾರ್ಜ್ ಇದ್ದದ್ದು ಘಾಟಿ ಇಳಿದು ಗುಂಡ್ಯ ಮುಟ್ಟುವಾಗ 60. ಯಾರ ಡೀಸೆಲ್ ಗಾಡಿ ಘಾಟಿ ಇಳಿದ ಮೇಲೆ ಟ್ಯಾಂಕು ತುಂಬಿಸಿಕೊಂಡಿದೆ, ಹೇಳಿ! ಗುಂಡ್ಯದಲ್ಲಿ ಚಹಾ ಕೊಟ್ಟವನಿಗೂ ಇದನ್ನು ವಿವರಿಸಿದೆ. ಅವನು ಇನ್ನೊಂದು ಚಹಾ ಬೇಕಾ ಎಂದು ಕೇಳಿದ.

ಭಾವನಿಗೆ ಈ ಗಾಡಿಯ ಮೇಲೆ ಮೊದಲಿಂದಲೂ ಗುಮಾನಿ. ‘ಚಂದ ಉಂಟು ಭಾವ. ಬ್ಯಾಟರಿ ಹೋದ್ರೆ ಎಷ್ಟು?’ ಹೋಗುವುದಿಲ್ಲ, ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ ಎಂದೆ. ‘ಅದು ಸರಿ. ಹೋದ್ರೆ ಎಷ್ಟು?’ ಎಂದರು. ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ರಾತ್ರಿ ಪಂಪ್‌ಶೆಡ್ಡಿನ ಹದಿನೈದು ಆಂಪಿಯರ್ ಪ್ಲಗ್ಗಿಗೆ ಕಾರನ್ನು ಕಟ್ಟಿಹಾಕಿದೆ. ಬೆಳಗ್ಗೆ ಶಾಮಿಯಾನದವರು ಆ ಪ್ಲಗ್ಗು ತಮಗೆ ಬೇಕೆಂದಾಗ 81 ಆಗಿತ್ತು. ಸಾಕು ಎಂದುಕೊಂಡೆ.

ಆ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಹಲಸಿನ ಮರದ ಬುಡದಲ್ಲಿ. ನನ್ನ ಕಾರು ನಿಂತದ್ದೂ ಅಲ್ಲೇ. ಹೀಗಾಗಿ ನಾನು ಎರಡು ದಿನವೂ ಗಳಿಗೆಗೊಮ್ಮೆ ಕಾರಿನ ಪಕ್ಕಕ್ಕೆ ಹೋಗಿ, ಕಾರಿಗೆ ಒರಗಿ ನಿಂತು, ಕಾರು ಹೇಗಿದೆ ಎಂದು ಫೋನಿನ ಆ್ಯಪ್‌ನಲ್ಲಿ ನೋಡುತ್ತಿದ್ದೆ. 81. ವಟುವಿಗೆ ಮಂತ್ರೋಪದೇಶವಾಗುವಾಗ ಒಮ್ಮೆ: 81. ಊಟದ ಎರಡನೆಯ ಪಂಕ್ತಿ ಏಳುವಾಗ: 81. ಬಿಸಿಲಿಗೆ ಬ್ಯಾಟರಿ ಕಾದಿದೆಯೇ, ಹಲಸಿನಹಣ್ಣು ಮೇಲೆ ಬಿದ್ದಿದೆಯೇ, ಯಾವುದೂ ಇಲ್ಲ, 81. ಇಂಥ ಗಟ್ಟಿಗ ಬ್ಯಾಟರಿಯ ಬಗ್ಗೆ ಎಷ್ಟು ಹೆಮ್ಮೆಪಟ್ಟೆ ಎಂದರೆ, ಅದನ್ನೂ ನೋಡಲಿಕ್ಕೆಂದು ಮತ್ತೆರಡು ಸಲ ಹೋದೆ.

ಭಾನುವಾರ ಊಟವಾಗಿ ಹೊರಟೆವು. ಅಮ್ಮ ಭರಣಿಯನ್ನು ಹೊಸ ಮಿಡಿ ತುಂಬಿಸಿ ಕೊಟ್ಟಳು. ಕೀಲಿಯ ಗುಂಡಿ ಒತ್ತಿದೆ. ಪಿಟ್ಟೆನ್ನಲಿಲ್ಲ. ಮತ್ತೊಮ್ಮೆ ಒತ್ತಿದೆ. ದೀಪ ಮಿನುಗಲಿಲ್ಲ, ಕನ್ನಡಿ ಬಿಚ್ಚಿಕೊಳ್ಳಲಿಲ್ಲ. ಕೀಲಿಯೊಳಗೆ ಅಡಗಿರುವ ಲೋಹದ ನಾಲಿಗೆ ಎಳೆದು ಬಾಗಿಲನ್ನೇನೋ ತೆಗೆದೆ. ಒಳಗೆ ಕತ್ತಲು. ಹದಿನೇಳು ಲಕ್ಷದ ಕಾರು ಹಲಸಿನ ಮರದ ಕೆಳಗೆ ಕಪಾಟಿನ ಹಾಗೆ ನಿಂತಿತ್ತು.

ಹತ್ತು ನಿಮಿಷದಲ್ಲಿ ಉಪನಯನಕ್ಕೆ ಬಂದವರೆಲ್ಲ ಕಾರಿನ ಸುತ್ತ. ‘ಚಾರ್ಜ್ ಖಾಲಿಯಾ?’ ‘ಇಲ್ಲ, 81 ಉಂಟು.’ ‘81 ಉಂಟಾದ್ರೆ ಹೋಗ್ಲಿಕ್ಕೆ ಎಂತ ಕಷ್ಟ ಅದಕ್ಕೆ?’ ನೂಕಿ ನೋಡುವನಾ ಎಂದು ನಾಲ್ಕು ಜನ ಪಂಚೆ ಎತ್ತಿ ಕಟ್ಟಿದರು. ಕರೆಂಟಿಲ್ಲದೆ ಇದರ ಪಾರ್ಕಿಂಗ್ ಬ್ರೇಕೇ ಬಿಡುವುದಿಲ್ಲ, ಬಿಟ್ಟರೂ ನೂಕಿದ್ದಕ್ಕೆ ಇದು ಸ್ಟಾರ್ಟ್ ಆಗುವ ಜಾತಿಯಲ್ಲ ಎಂದೆ. ‘ಹಾಗಾದ್ರೆ ಇದಕ್ಕೆ ನಾಲ್ಕು ಚಕ್ರ ಯಾಕೆ?’ ಎಂದು ದೊಡ್ಡಪ್ಪ ಕೇಳಿದ್ದು ನನ್ನ ಹೆಂಡತಿಗೆ ಬಹಳ ಹಿಡಿಸಿತು. ಸಹಾಯವಾಣಿಯ ಹೆಣ್ಣುಮಗಳು ‘ನಿಮ್ಮ ಕಾರು ಸುರಕ್ಷಿತ ಸ್ಥಳದಲ್ಲಿದೆಯೇ?’ ಎಂದು ವಿಚಾರಿಸಿ, ನಾಳೆ ಮಧ್ಯಾಹ್ನದ ಒಳಗೆ ಟೋಯಿಂಗ್ ಗಾಡಿ ಕಳಿಸುವುದಾಗಿ ಹೇಳಿದಳು.

ಬಿಡಿಸಿ ಹೇಳಿದವನು ಭಾವನ ತೋಟದ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ. ಬಾನೆಟ್ ಎತ್ತಿಸಿ ಒಂದು ನಿಮಿಷ ನೋಡಿದ. ‘ಈ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದಲ್ವಾ?’ ಮುಟ್ಟಲೇಬಾರದು ಎಂದೆ. ‘ಮತ್ತೆ ಇದೆಂತ?’ ಮೂಲೆಯಲ್ಲಿ ಮಾಮೂಲಿ ಕಾರುಗಳಲ್ಲಿರುವಂಥದೇ ಸೀಸದ ಬ್ಯಾಟರಿ, 12 ವೋಲ್ಟಿನದು. ಲಾಕು, ದೀಪ, ಕಂಪ್ಯೂಟರು ಎಲ್ಲ ಇದರ ಮೇಲೆ ಎಂದೆ.

‘ಹಾಗಾದ್ರೆ ನಮ್ಮ ಪಂಪಿನ ಸ್ಟಾರ್ಟರಿನದೇ ಕೇಸು. ತ್ರೀ ಫೇಸ್ ಬಂದು ಬಾಗಿಲಲ್ಲಿ ನಿಂತಿದ್ರೂ ಕಾಯಿಲ್ ಎಳೆಯದಿದ್ರೆ ಮೋಟ್ರು ತಿರುಗುವುದಿಲ್ಲ.’

ಮೂರು ವರ್ಷ ಓದಿದ್ದು ನನಗೆ ಆಗ ತಲೆಗೆ ಹೋಯಿತು. ಕೆಳಗೆ ನಲವತ್ತು ಯೂನಿಟ್ಟಿನ ಬ್ಯಾಟರಿ ಇದ್ದರೂ ಕಾರು ಮಲಗಿದಾಗ ಅದು ಬಾಗಿಲು ಹಾಕಿಕೊಂಡಿರುತ್ತದೆ. ಬಾಗಿಲು ತೆರೆಯುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚನ್ನು ಎಳೆಯಬೇಕಾದ್ದು ಈ ಅರ್ಧ ಯೂನಿಟ್ಟಿನ ಮರಿ. ಅದು ಸತ್ತರೆ ಒಳಗಿನ ಐಶ್ವರ್ಯ ಒಳಗೇ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದರು ದೊಡ್ಡಪ್ಪ.

ಜಗಲಿಯಲ್ಲಿ ದಕ್ಷಿಣೆ ಎಣಿಸುತ್ತಿದ್ದ ಪುರೋಹಿತ ಭಟ್ಟರು ತಲೆಯೆತ್ತಿದರು. ‘ಪೂಜಾರಿ ಎಂತ ಮಾಡಿದ ಈಗ?’

ಭಾವನ ಜೀಪು ಅಡುಗೆಯವರ ಪಾತ್ರೆ ಹೊತ್ತು ಉಪ್ಪಿನಂಗಡಿಗೆ ಹೋಗಿತ್ತು. ಹುಡುಗ ಅತ್ತಿತ್ತ ನೋಡಿ ಕೊಟ್ಟಿಗೆಯ ಕಡೆ ಹೋದ. ಬರುವಾಗ ಬೆನ್ನಿಗೆ ಹಾಕುವ, ಬ್ಯಾಟರಿಯಿಂದ ಓಡುವ ಮದ್ದು ಬಿಡುವ ಪಂಪು ತಂದ. ಅದರ ಮೈಗೆಲ್ಲ ಮೈಲುತುತ್ತಿನ ನೀಲಿ ಕಲೆ. ತಳ ಬಿಚ್ಚಿದ. ಒಳಗೆ 12 ವೋಲ್ಟಿನ, ಇಟ್ಟಿಗೆಗಿಂತ ಚಿಕ್ಕ ಬ್ಯಾಟರಿ. ‘ಇದಕ್ಕೆ ಎಂಜಿನ್ ತಿರುಗಿಸ್ಲಿಕ್ಕೆ ಇಲ್ಲ ಅಲ್ವಾ, ಎಬ್ಬಿಸಿದ್ರೆ ಸಾಕು’ ಎಂದು ಶಾಮಿಯಾನದ ವಯರಿನ ಎರಡು ತುಂಡನ್ನು ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಒತ್ತಿ ಹಿಡಿದ. ಡ್ಯಾಶ್‌ಬೋರ್ಡಿನಲ್ಲಿ ಹಳದಿ, ಕೆಂಪು ದೀಪಗಳು ಜಾತ್ರೆಯ ಹಾಗೆ ಹೊತ್ತಿದವು. ಬ್ರೇಕು ತುಳಿದು ಗುಂಡಿ ಒತ್ತಿದೆ. ಸೀಟಿನಡಿಯಿಂದ ‘ಟಕ್’, ಅರೆ ಕ್ಷಣ ಬಿಟ್ಟು ಇನ್ನೊಂದು ‘ಟಕ್’. ಮೂರು ವರ್ಷದಲ್ಲಿ ನಾನು ಹೆದರದೆ ಕೇಳಿದ ಮೊದಲ ಸದ್ದು ಅದು.

81.

ದೊಡ್ಡದು ಒಮ್ಮೆ ಎದ್ದರೆ ಸಣ್ಣದಕ್ಕೆ ಊಟ ಹಾಕುವುದು ಅದರದೇ ಕೆಲಸ. ಒಂದು ಗಂಟೆ ಹಾಗೇ ಆನ್ ಇಟ್ಟುಕೊಂಡು ಕೂತೆವು. ಹುಡುಗ ಕಾಫಿ ಕುಡಿಯುತ್ತ ಕೇಳಿದ, ‘ಎರಡು ದಿನ ಸುಮ್ಮನೆ ನಿಂತದ್ದಕ್ಕೆ ಇದು ಹೇಗೆ ಖಾಲಿಯಾಯ್ತು ಅಣ್ಣ? ಯಾರಾದ್ರೂ ಏನಾದ್ರೂ ಆನ್ ಮಾಡಿದ್ರಾ?’ ಮಕ್ಕಳನ್ನು ಕರೆದು ವಿಚಾರಣೆ ಶುರು ಮಾಡಿದೆ. ಅಷ್ಟರಲ್ಲಿ ಮತ್ತೆ ಸಹಾಯವಾಣಿಯ ಫೋನು. ಈ ಸಲ ಯಾರೋ ತಿಳಿದವರು. ಪ್ರತಿ ಸಲ ಆ್ಯಪ್ ತೆರೆದಾಗಲೂ ಮಲಗಿದ ಕಾರಿನ ಕಂಪ್ಯೂಟರುಗಳೆಲ್ಲ ಎದ್ದು ಕೂತು ಉತ್ತರ ಹೇಳುತ್ತವೆ ಸಾರ್, ಅವುಗಳಿಗೆ ಕರೆಂಟು ಸಣ್ಣ ಬ್ಯಾಟರಿಯದ್ದೇ, ಅದಕ್ಕೂ ವಯಸ್ಸಾಗಿರುತ್ತದೆ ಎಂದರು. ‘ದಿನಕ್ಕೆ ಎಷ್ಟು ಸಲ ನೋಡ್ತೀರಿ?’

ಸ್ಪೀಕರ್ ಆನ್ ಇತ್ತು. ನನಗಿಂತ ಮೊದಲು ಹೆಂಡತಿ ಉತ್ತರ ಕೊಟ್ಟಳು. ಮಕ್ಕಳನ್ನು ಬಿಡುಗಡೆ ಮಾಡಲಾಯಿತು.

ಬೆಂಗಳೂರಿನವರೆಗೆ ನನ್ನ ಫೋನು ಅವಳ ಬ್ಯಾಗಿನಲ್ಲಿತ್ತು. ಘಾಟಿ ಹತ್ತುವಾಗ ಇಳಿಯುವಾಗಿನ ಗಳಿಕೆಯೆಲ್ಲ ಬಡ್ಡಿ ಸಮೇತ ಹೋಯಿತು, ಅದನ್ನು ಗುಂಡ್ಯದ ಚಹಾದವನಿಗೆ ಹೇಳಲು ಗಾಡಿ ಹಿಂದಕ್ಕೆ ತಿರುಗಿಸಲಿಲ್ಲ. ಹಾಸನದ ಹತ್ತಿರ ಎಲ್ಲೋ, 42ರಲ್ಲಿ, ಹಿಂದಿನಿಂದ ‘ಕಿರ್ರ್’ ಎಂದಿತು. ‘ಭರಣಿ’ ಎಂದೆವು ಇಬ್ಬರೂ ಒಟ್ಟಿಗೆ.

ಮಾರನೆಯ ದಿನ ಮನೆ ಹತ್ತಿರದ ಬ್ಯಾಟರಿ ಅಂಗಡಿಗೆ ಹೋದೆ. ಹಳೆಯದು ಕೊಟ್ಟು, ಹೊಸದಕ್ಕೆ ಐದು ಸಾವಿರದೊಳಗೇ ಆಯಿತು. ಅಂಗಡಿಯಾತ ಬಿಲ್ ಬರೆಯುತ್ತ, ಯಾವ ಗಾಡಿಗೆ ಸಾರ್ ಎಂದ. ಎಲೆಕ್ಟ್ರಿಕ್ ಕಾರಿಗೆ ಎಂದೆ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

‘ಅದಕ್ಕೂ ಬ್ಯಾಟರಿ ಬೇಕಾ ಸಾರ್?’