ಕೆರೆ ನೀರು ಯಾರದ್ದು? ಸಿಲಬಸ್‌ನಲ್ಲಿಲ್ಲ

ಕೋಲಾರದ ಕಡೆಯ ಮಕ್ಕಳಿಗೆ ಪರಿಸರ ನೀತಿ ಪಾಠ ಮಾಡುತ್ತೇನೆ. ಎಂ.ಎ. ಕ್ಲಾಸು. ಬಹಳ ವರ್ಷ ನನ್ನ ಪಾಠ ಅಂದರೆ ಇಷ್ಟೇ: ಜಲ ಕಾಯ್ದೆ 1974, ಅರಣ್ಯ ಸಂರಕ್ಷಣಾ ಕಾಯ್ದೆ 1980, ಪರಿಸರ ಕಾಯ್ದೆ 1986. ನಾನು ಬೋರ್ಡ್ ಮೇಲೆ ಬರೆಯುವುದು, ಅವರು ಇಳಿಸಿಕೊಳ್ಳುವುದು. ಇಸವಿ ತಪ್ಪಿದರೆ ಅಂಕ ಕಟ್.

ಹೋದ ವರ್ಷ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಪಾಠ ನಡೆದಿತ್ತು. 1968ರ ಅವನ ಪ್ರಸಿದ್ಧ ವಾದ. ಗೋಮಾಳ ಎಲ್ಲರದ್ದು ಅಂತ ಬಿಟ್ಟರೆ ಒಬ್ಬೊಬ್ಬನೂ ಇನ್ನೊಂದು ಹಸು ಮೇಯಿಸುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸಾರ್, ಆ ಊರಲ್ಲಿ ನಮ್ಮ ನೀರುಗಂಟಿ ಥರ ಯಾರೂ ಇರ್ಲಿಲ್ವಾ?"

ನೀರುಗಂಟಿ ಅಂದರೆ ಊರ ಕೆರೆಯ ನೀರು ಹಂಚುವವನು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಎಲ್ಲರಿಗೂ ಸೇರಿದ್ದನ್ನು ಊರವರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್ ಜೀವನವಿಡೀ ಕೆದಕಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಗೆ ಅಲ್ವಾ?

ಮಾರನೇ ದಿನ ಅವಳನ್ನೇ ಮಾತಾಡಲು ಬಿಟ್ಟೆ. ಅವಳ ತಾತ ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡುವುದು ಅವರ ಕೆಲಸ. ಮಳೆ ಕಮ್ಮಿಯಾದ ವರ್ಷ ಊರವರು ಕೂತು, ಅಚ್ಚುಕಟ್ಟಿನಲ್ಲಿ ಇಷ್ಟಕ್ಕೆ ಮಾತ್ರ ನಾಟಿ ಅಂತ ತೀರ್ಮಾನಿಸುತ್ತಿದ್ದರಂತೆ. ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಭತ್ತ, ಅದೇ ತಾತನ ಕೂಲಿ. "ನಮಗೆ ಮಾತ್ರ ಆ ಕೆರೆ ಕೆಳಗೆ ಒಂದು ಗುಂಟೆನೂ ಇರ್ಲಿಲ್ಲ ಸಾರ್" ಅಂದಳು. ಹಳೇ ಕಾಲ ಚಿನ್ನದಂಥದ್ದು ಅಂತ ಉಬ್ಬಿದ್ದ ನಾನು ಅಲ್ಲಿಗೆ ತಣ್ಣಗಾದೆ.

ಮಾತು ಈಗಿನ ಕೆರೆಗೆ ಬಂತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಉದ್ದೇಶ ಅಂತರ್ಜಲ ಹೆಚ್ಚಿಸುವುದು. ಕೆರೆಗೇ ಮೋಟಾರ್ ಇಟ್ಟು ಎತ್ತುವ ಹಾಗಿಲ್ಲ. ಒಬ್ಬ ಹುಡುಗ ಮೆಲ್ಲಗೆ, "ನಮ್ಮಪ್ಪ ಇಟ್ಟಿದ್ದಾರೆ ಸಾರ್" ಅಂದ. ಪಕ್ಕದವನು, "ನಮ್ಮದು ಬೋರ್‌ವೆಲ್, ಕೆರೆ ಪಕ್ಕದಲ್ಲೇ. ನಮಗೇನೂ ತೊಂದರೆಯಿಲ್ಲ" ಅಂದ.

ಅದೇ ನೀರು. ಒಬ್ಬನದು ಕಳ್ಳತನ, ಇನ್ನೊಬ್ಬನದು ಹಕ್ಕು. ನೆಲದಡಿಯ ನೀರು ನೆಲದ ಒಡೆಯನಿಗೆ ಅನ್ನುವ ಲೆಕ್ಕ 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಡೆದುಬಂದಿದೆ. ಬೋರ್ ಕೊರೆಸಲು ದುಡ್ಡಿದ್ದವನಿಗೆ ಸಿಕ್ಕಿತು, ನೀರುಗಂಟಿಯ ಮೊಮ್ಮಗಳಿಗೆ ಆಗಲೂ ಇಲ್ಲ, ಈಗಲೂ ಇಲ್ಲ. ಆ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಕಾಯ್ದೆಯ ಪುಟ ತೆಗೆಯಿರಿ ಅಂತ ಅವರೇ ಕೇಳಿದರು. ಹದಿನೈದು ವರ್ಷದಲ್ಲಿ ಅದು ಮೊದಲ ಸಲ!

ಕೆರೆಯಿಂದ ಕಾಯ್ದೆಗೆ ಹೋಗಬೇಕು, ನಾವು ಕಾಯ್ದೆಯಿಂದ ಶುರು ಮಾಡಿ ಅಲ್ಲೇ ಮುಗಿಸುತ್ತೇವೆ. ಸೆಮಿಸ್ಟರ್ ಪರೀಕ್ಷೆಗೆ ನಾನೊಂದು ಪ್ರಶ್ನೆ ಕೊಟ್ಟಿದ್ದೆ: 'ನಿಮ್ಮೂರಿನ ಕೆರೆಯ ನೀರು ಯಾರದ್ದು? ಯಾಕೆ?' ಸಿಲಬಸ್‌ನಲ್ಲಿಲ್ಲ ಅಂತ ಪರಿಶೀಲನೆಯಲ್ಲಿ ತೆಗೆದುಹಾಕಿದರು. ಅದರ ಜಾಗದಲ್ಲಿ ಬಂದದ್ದು: 'ಜಲ ಕಾಯ್ದೆ 1974ರ ಉದ್ದೇಶಗಳನ್ನು ಬರೆಯಿರಿ.'