ಊರನ್ನು ‘ಕವರ್’ ಮಾಡುವುದು

ಮೊನ್ನೆ ರಾತ್ರಿ ಪೋರ್ಚುಗಲ್‌ನ ಲಿಸ್ಬನ್‌ನಿಂದ ನಾನಿರುವ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಮರಳಿದೆ. ಚೀಲ ಇನ್ನೂ ಬಿಚ್ಚಿಲ್ಲ, ಬಟ್ಟೆ ಒಗೆದಿಲ್ಲ. ಇದೊಂದನ್ನು ಬರೆದು ಮುಗಿಸದೆ ಬೇರೆ ಕೆಲಸಕ್ಕೆ ಕೈ ಹೋಗುತ್ತಿಲ್ಲ. ಸಿಟ್ಟು ಅಷ್ಟಿದೆ.

ಲಿಸ್ಬನ್‌ನಲ್ಲಿ ಮಾರ್ಟಿಂ ಮೊನಿಜ್ ಎಂಬ ಚೌಕವಿದೆ. 28ನೇ ನಂಬರಿನ ಹಳದಿ ಟ್ರ್ಯಾಮು ಹೊರಡುವುದು ಅಲ್ಲಿಂದ. ಮರದ ಒಳಾಂಗಣ, ಕಿರ್‌ಗುಟ್ಟುವ ಚಕ್ರ, ಓಣಿಯ ಗೋಡೆ ಸವರಿಕೊಂಡೇ ಹೋಗುವ ಪುಟ್ಟ ಡಬ್ಬಿ. ನೀವೆಲ್ಲ ಫೋಟೊ ನೋಡಿರುತ್ತೀರಿ. ಶುಕ್ರವಾರ ಮಧ್ಯಾಹ್ನ ನಾನು ಆ ದಾರಿಯಾಗಿ ನಡೆದು ಬರುತ್ತಿದ್ದೆ. ಬಿಸಿಲಲ್ಲಿ ಉದ್ದ ಕ್ಯೂ. ಕ್ಯೂ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ, ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು. "ಇನ್ನೂ ಎಷ್ಟು ಹೊತ್ತೋ" ಅಂದದ್ದು ಕಿವಿಗೆ ಬಿತ್ತು. ಕನ್ನಡ! ನಿಂತುಬಿಟ್ಟೆ.

ಮಾತಾಡಿಸಿದೆ. ಮೈಸೂರಿನವರು. ಮಗ, ಸೊಸೆ, ಮೊಮ್ಮಗಳ ಜೊತೆ ಬಂದಿದ್ದಾರೆ. ಮಗ ಕ್ಯೂನಲ್ಲಿ ನಿಂತು ಒಂದು ಗಂಟೆ ದಾಟಿದೆ. "ಎಲ್ಲಾದ್ರೂ ಒಂದ್ಕಡೆ ಕೂತು ಒಂದ್ ಲೋಟ ಕಾಫಿ ಕುಡಿಯೋಣ ಕಣಮ್ಮ ಅಂದ್ರೆ ಟೈಮೇ ಇಲ್ಲ ಅಂತಾನೆ" ಎಂದರು. ದೂರಿನ ದನಿಯೇನೂ ಇರಲಿಲ್ಲ. ಮಗನ ಮೇಲೆ ಅಕ್ಕರೆಯಿಂದಲೇ ಹೇಳಿದರು. ಅಷ್ಟರಲ್ಲಿ ಮಗನೂ ಹತ್ತಿರ ಬಂದ, ಒಳ್ಳೆಯ ಹುಡುಗ, ನಗುಮುಖ. ಫೋನಿನಲ್ಲಿದ್ದ ಪಟ್ಟಿ ತೋರಿಸಿದ. "ನಿನ್ನೆ ಸಿಂತ್ರಾ ಅರಮನೆಗಳು ಆಯ್ತು ಮೇಡಂ. ಈ ಟ್ರ್ಯಾಮ್ ಆದ್ಮೇಲೆ ಬೆಲೆಂ ಕವರ್ ಮಾಡ್ಬೇಕು. ನಾಳೆ ಬೆಳಿಗ್ಗೆ ಐದಕ್ಕೆ ಏರ್‌ಪೋರ್ಟು, ಬಾರ್ಸಿಲೋನಾ."

ಕವರ್. ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮವರ ಪ್ರವಾಸದ ಮಾತಿಗೆ ಇದು ಯಾವಾಗ ಬಂದು ಸೇರಿತೋ. ಪರೀಕ್ಷೆಗೆ ಪೋರ್ಷನ್ ಕವರ್ ಮಾಡುತ್ತಿದ್ದೆವು, ಈಗ ಊರುಗಳನ್ನು ಮಾಡುತ್ತಿದ್ದೇವೆ. "ಹನ್ನೆರಡು ದಿನದಲ್ಲಿ ಏಳು ದೇಶ ಕವರ್" ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕಳೆದ ತಿಂಗಳಷ್ಟೇ ಒಬ್ಬರು ಹಾಕಿದ್ದರು. ಏಳು ದೇಶದಲ್ಲಿ ಒಬ್ಬ ಮನುಷ್ಯನ ಜೊತೆಗಾದರೂ ಎರಡು ಮಾತಾಡಿದಿರಾ ಎಂದು ಕೇಳಬೇಕೆನಿಸಿತ್ತು. ಹಿರಿಯರು, ಸುಮ್ಮನಾದೆ. ಇಲ್ಲಿ ಸುಮ್ಮನಿರುವುದಿಲ್ಲ.

ಆ ಕುಟುಂಬ ಕಾದು ನಿಂತಿದ್ದ ಟ್ರ್ಯಾಮು ಕೊನೆಗೆ ಹೋಗಿ ನಿಲ್ಲುವುದು ಕಾಂಪೊ ದೆ ಒರೀಕ್ ಎಂಬ ಬಡಾವಣೆಯ ತುದಿಗೆ. ಬೋರ್ಡಿನ ಮೇಲೆ ‘ಪ್ರಜೇರೆಸ್’ ಎಂದಿರುತ್ತದೆ. ಅಲ್ಲಿ ಎಲ್ಲರನ್ನೂ ಇಳಿಸುತ್ತಾರೆ. ಇಳಿದವರಲ್ಲಿ ಹೆಚ್ಚಿನವರು ಎದುರಿನ ಸ್ಮಶಾನದ ಗೇಟಿನ ಒಂದು ಫೋಟೊ ತೆಗೆದು, ವಾಪಸ್ ಹೋಗುವ ಟ್ರ್ಯಾಮಿಗೆ ಮತ್ತೆ ಕ್ಯೂ ನಿಲ್ಲುತ್ತಾರೆ. ನಾಲ್ಕು ದಿನವೂ ಇದನ್ನೇ ನೋಡಿದೆ. ಪ್ರಜೇರೆಸ್ ಎಂದರೆ ಸುಖಗಳು, ಸಂತೋಷಗಳು. ಕಾಲರಾ ಬಂದ 1833ರಲ್ಲಿ ಆದ ಸ್ಮಶಾನ ಅದು. ಅಲ್ಲಿದ್ದ ಮೇರಿ ಮಾತೆಯ ಗುಡಿಯ ಹೆಸರೇ ಅದಕ್ಕೂ ಉಳಿಯಿತು. ಅಲ್ಲಿಂದ ಐದು ನಿಮಿಷ ನಡೆದರೆ ಇಡೀ ಲಿಸ್ಬನ್ ಬದುಕುವ ರೀತಿ ಕಣ್ಣೆದುರು ಇದೆ. ಕ್ಯೂನಲ್ಲಿ ಒಂದೂವರೆ ಗಂಟೆ ನಿಂತವರಿಗೆ ಆ ಐದು ನಿಮಿಷ ಸಿಗುವುದಿಲ್ಲ.

ನಾನು ಉಳಿದುಕೊಂಡದ್ದು ಅಲ್ಲೇ, ಒಂದು ಸಣ್ಣ ಗೆಸ್ಟ್‌ಹೌಸಿನಲ್ಲಿ. ಲಿಸ್ಬನ್ ಏರಿಳಿತದ ಊರು, ಆದರೆ ಈ ಬಡಾವಣೆ ಮಾತ್ರ ಹೆಚ್ಚು ಕಡಿಮೆ ಸಮತಟ್ಟು. ಚೌಕುಳಿ ಹಾಕಿದ ಹಾಗೆ ನೇರ ಬೀದಿಗಳು. ಪೋರ್ಚುಗೀಸರಲ್ಲಿ ‘ಕೂದಲೆಳೆಯಲ್ಲಿ ತಪ್ಪಿತು’ ಎನ್ನುವುದಕ್ಕೆ ‘ರೆಸ್‌ವೇಸ್ ಕಾಂಪೊ ದೆ ಒರೀಕ್’ ಎಂಬ ನುಡಿಗಟ್ಟಿದೆ. 1755ರ ನವೆಂಬರ್ 1ರ ಮಹಾಭೂಕಂಪದ ಅನಾಹುತ ಈ ಪ್ರದೇಶದ ಅಂಚಿಗೆ ಬಂದು ನಿಂತಿತು, ಅದರಿಂದ ಹುಟ್ಟಿದ ಮಾತು ಎನ್ನುತ್ತಾರೆ. ಇದನ್ನು ನನಗೆ ಹೇಳಿದ್ದು ಗೆಸ್ಟ್‌ಹೌಸಿನಲ್ಲಿ ಕೆಲಸ ಮಾಡುವ ಹುಡುಗಿ, ಚಾವಿ ಕೈಗೆ ಕೊಡುತ್ತಾ. ಅವಳೂ ಅದನ್ನು ‘ಶಾವ್’ ಎಂದಳು. ಮಂಗಳೂರು ಉಡುಪಿ ಕಡೆಯ ನಮಗೆ ಬೀಗದ ಕೈ ಎಂದರೆ ಚಾವಿ, ಆಲೂಗಡ್ಡೆ ಎಂದರೆ ಬಟಾಟೆ, ಬಕೆಟು ಎಂದರೆ ಬಾಲ್ದಿ. ಮೂರೂ ಇವರ ಮಾತಿನಿಂದ ಬಂದವು. ಮಾರ್ಕೆಟಿನ ಬೋರ್ಡಿನಲ್ಲಿ ‘ಬಟಾಟ’, ಪಕ್ಕದಲ್ಲೇ ‘ಅನನಾಸ್’ ಎಂದು ಓದಿದಾಗ ಆದ ಖುಷಿ ಯಾವ ಅರಮನೆಯಲ್ಲೂ ನನಗೆ ಆಗಿಲ್ಲ.

ಬಡಾವಣೆಯ ನಡುವೆ ಒಂದು ಪಾರ್ಕ್, ಜಾರ್ಡಿಂ ದ ಪರಾದ. ದೊಡ್ಡದೇನಲ್ಲ. ಹಳೆಯ ಮರಗಳು, ಒಂದು ಕೊಳ, ಕಾಫಿಯ ಗೂಡಂಗಡಿ, ಕಲ್ಲಿನ ಮೇಜುಗಳು. ಮಧ್ಯಾಹ್ನವಾದರೆ ಆ ಮೇಜುಗಳಲ್ಲಿ ಅಜ್ಜಂದಿರು ಇಸ್ಪೀಟಿಗೆ ಕೂರುತ್ತಾರೆ. ಆಟದ ಹೆಸರು ಸುಯೆಕ. ನಮ್ಮಲ್ಲಿ ಅಪ್ಪ ಮತ್ತವರ ಸ್ನೇಹಿತರು ಆಡುತ್ತಿದ್ದ ಇಪ್ಪತ್ತೆಂಟರ ಹಾಗೆ ಇಬ್ಬಿಬ್ಬರ ಜೋಡಿ, ತುರುಪು, ಮತ್ತೆ ಅದೇ ಗದ್ದಲ. ಎರಡನೇ ದಿನ ಒಂದು ಗಂಟೆ ಹಿಂದೆ ನಿಂತು ನೋಡಿದೆ. ಒಬ್ಬರು ಏಳನ್ನು ಇಟ್ಟು ರಾಜನನ್ನು ಹೊಡೆದುಕೊಂಡರು. ಅರ್ಥವಾಗಲಿಲ್ಲ. ಮತ್ತೂ ನೋಡಿದೆ. ಈ ಆಟದಲ್ಲಿ ಎಕ್ಕದ ನಂತರ ಏಳು, ಆಮೇಲೆ ರಾಜ! ಅದು ಹೊಳೆದ ಕ್ಷಣ ನಾನು "ಓ" ಎಂದದ್ದು ಕೇಳಿ ಒಬ್ಬ ಅಜ್ಜ ತಿರುಗಿ ನೋಡಿ, ತಮ್ಮ ಕೈಯ ಎಲೆಗಳನ್ನು ನನಗೆ ಕಾಣುವ ಹಾಗೆ ಸ್ವಲ್ಪ ವಾಲಿಸಿ ಹಿಡಿದರು. ಭಾಷೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅವರು ಸೋತಾಗ ನನಗೂ ಬೇಸರವಾಯಿತು. ಈ ಪಾರ್ಕಿನ ಕೆಳಗೆ ಮೆಟ್ರೋ ನಿಲ್ದಾಣ ಮಾಡುವ ಯೋಜನೆ ಬಂದಾಗ ಇಲ್ಲಿನ ಜನ ಈ ಮರಗಳಿಗಾಗಿ ಪ್ರತಿಭಟಿಸಿದರಂತೆ. ಯಾಕೆಂದು ಯಾರೂ ವಿವರಿಸಬೇಕಾಗಲಿಲ್ಲ. ಇದನ್ನು ಯಾವ ಪಟ್ಟಿಯಲ್ಲಿ ಬರೆದು ಟಿಕ್ ಹಾಕುತ್ತೀರಿ?

ಬೆಳಿಗ್ಗೆ ಕಾಫಿಗೆ ಹೋಗುತ್ತಿದ್ದುದು ಮೂಲೆಯ ಪಾಸ್ತೆಲರಿಯಾಕ್ಕೆ. ನಮ್ಮ ಹೋಟೆಲ್ಲಿನ ಗಲ್ಲಾ, ಬೇಕರಿಯ ಗಾಜಿನ ಪೆಟ್ಟಿಗೆ ಎರಡೂ ಸೇರಿದರೆ ಹೇಗೋ ಹಾಗೆ. ಜನ ಕೌಂಟರಿಗೆ ಒರಗಿ ನಿಂತು ‘ಬಿಕ’ ಕುಡಿಯುತ್ತಾರೆ. ಪುಟ್ಟ ಕಪ್ಪಿನ ಗಟ್ಟಿ ಕಾಫಿ, ನಾಲ್ಕು ಗುಟುಕು. ಹಾಲು ಬೇಕಿದ್ದವರಿಗೆ ‘ಮೆಯ ದೆ ಲೈತ್’. ಪಕ್ಕಕ್ಕೆ ನಾನು ತೆಗೆದುಕೊಳ್ಳುತ್ತಿದ್ದುದು ‘ಪಾಂವ್ ದೆ ದೇವುಶ್’, ದೇವರ ರೊಟ್ಟಿ. ಮೆತ್ತನೆ ಬನ್ನಿನ ಮೇಲೆ ತೆಂಗಿನ ತುರಿ ಹಚ್ಚಿ ಬೇಯಿಸಿರುತ್ತಾರೆ. ಕಾಯಿತುರಿ ಕಂಡರೆ ಕರಾವಳಿಯವರಿಗೆ ಬೇರೇನು ಬೇಕು. ಮೂರನೇ ದಿನ ಕಾಲು ನೋಯುತ್ತಿತ್ತು, ಕಿಟಕಿ ಪಕ್ಕದ ಮೇಜಿನಲ್ಲಿ ಕೂತೆ. ಹತ್ತು ನಿಮಿಷಕ್ಕೆ ಬಡಿಸುವ ಹೆಂಗಸು ಬಂದು, ನನ್ನ ಕಪ್ಪು, ತಟ್ಟೆ ಎರಡನ್ನೂ ಎತ್ತಿ ಒಳಗಿನ ಮೇಜಿಗೆ ಒಯ್ದಿಟ್ಟು, ಬಾಗಿಲ ಕಡೆ ಕಣ್ಣು ತೋರಿಸಿದಳು. ಕೋಲು ಊರಿಕೊಂಡು ಒಬ್ಬರು ಮುದುಕರು ಬರುತ್ತಿದ್ದರು. ಅದು ಅವರ ಜಾಗ. ದಿನಾ ಅವರದೇ ಜಾಗ. ನನಗೆ ಒಂದಿಷ್ಟೂ ಅವಮಾನವಾಗಲಿಲ್ಲ. ಗಿರಾಕಿಯಾಗಿ ದುಡ್ಡು ಕೊಡುವವಳಿಗಿಂತ ದಿನಾ ಬರುವ ಮುದುಕರು ದೊಡ್ಡವರು ಎನ್ನುವ ಅಂಗಡಿ ಯುರೋಪಿನ ರಾಜಧಾನಿಯೊಂದರಲ್ಲಿ ಇನ್ನೂ ಇದೆಯಲ್ಲ ಎಂದು ಕಣ್ಣು ತುಂಬಿ ಬಂತು.

ಮಾರ್ಕೆಟು 1934ರದ್ದು. ಒಳಗೆ ಈಗ ತಿಂಡಿಯ ಮಳಿಗೆಗಳೂ ಬಂದಿವೆ, ಆದರೆ ಮೀನಿನ ಕಟ್ಟೆ, ತರಕಾರಿ ಕಟ್ಟೆ ಇನ್ನೂ ಅಲ್ಲೇ ಇವೆ. ಜೂನ್ ತಿಂಗಳು ಅಂದರೆ ಅವರಿಗೆ ಸಾರ್ಡೀನ್ ಕಾಲ. ನಮ್ಮ ಬೂತಾಯಿಯ ಸಂಬಂಧಿ. ಕೊಬ್ಬಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಫುಂಡಾಂವ್ ಕಡೆಯ ಚೆರ್ರಿ ಹಣ್ಣು ಅರ್ಧ ಕಿಲೋ ಕೊಂಡು ನಡೆಯುತ್ತಲೇ ತಿಂದೆ. ಸಂತ ಅಂತೋನಿಯ ಹಬ್ಬಕ್ಕೆ ಇನ್ನೂ ಒಂದು ವಾರ ಇತ್ತು, ಆಗಲೇ ‘ಮಂಜೆರಿಕು’ ಕುಂಡಗಳು ಬಂದಿದ್ದವು. ಚೆಂಡಿನ ಹಾಗೆ ದುಂಡಗೆ ಬೆಳೆದ ಪುಟ್ಟ ಎಲೆಯ ಗಿಡ, ನಮ್ಮ ಕಾಮಕಸ್ತೂರಿಯ ತಂಗಿ. ಅದಕ್ಕೆ ಕಾಗದದ ಹೂ, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿ ಪ್ರೀತಿಸಿದವರಿಗೆ ಕೊಡುತ್ತಾರೆ. ನಾನು ಬಗ್ಗಿ ಮೂಸಲು ಹೋದೆ. ಮಾರುವಾಕೆ ಗಾಬರಿಯಿಂದ ನನ್ನ ಭುಜ ಹಿಡಿದು ತಡೆದಳು. ಮೂಗು ತಾಗಿಸಿದರೆ ಬಾಡುತ್ತದಂತೆ. ಅಂಗೈಯಿಂದ ಸವರಿ, ಅಂಗೈಯನ್ನು ಮೂಸಬೇಕು. ದೇವರಿಗೆ ಇಡುವ ಹೂವನ್ನು ಮೂಸಿದ್ದಕ್ಕೆ ಚಿಕ್ಕವಳಿದ್ದಾಗ ಅಮ್ಮನ ಕೈಯಿಂದ ತಿಂದ ಪೆಟ್ಟು ನೆನಪಾಯಿತು.

ಈಗ ಹೇಳುತ್ತಾರೆ, ನನಗೆ ಗೊತ್ತು: "ನೀನು ಅಲ್ಲೇ ಇರುವವಳು, ಎರಡೂವರೆ ಮೂರು ತಾಸಿನ ವಿಮಾನ, ಬೇಕಾದಾಗ ಹೋಗ್ತೀಯ. ಬೆಂಗಳೂರಿನಿಂದ ಬರುವವರಿಗೆ ವೀಸಾ ಫೀಸೇ 90 ಯೂರೊ, ಅಪಾಯಿಂಟ್‌ಮೆಂಟಿಗೆ ಅಲೆದಾಟ, ಟಿಕೆಟಿಗೆ ವರ್ಷದ ಉಳಿತಾಯ. ಒಮ್ಮೆ ಬಂದಾಗ ಎಲ್ಲಾ ನೋಡಬಾರದಾ?" ಅರ್ಧ ಒಪ್ಪುತ್ತೇನೆ. ಬೆಲೆಂ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಜೆರೋನಿಮೋಸ್ ಮಠದಲ್ಲಿ ವಾಸ್ಕೊ ಡ ಗಾಮನ ಸಮಾಧಿ ಇದೆ, ಅರಬ್ಬೀ ಸಮುದ್ರದ ದಂಡೆಯಲ್ಲಿ ಹುಟ್ಟಿದ ನಾನು ನೋಡದೆ ಬರುತ್ತೇನೆಯೇ? ಹೋದೆ, ನಿಂತೆ, ಮನಸ್ಸಿಗೆ ಕಷ್ಟವೂ ಆಯಿತು. ಆದರೆ ಅಷ್ಟೆಲ್ಲ ದುಡ್ಡು ಸುರಿದು, ಅಷ್ಟೆಲ್ಲ ಅಲೆದು ಬಂದವರು ಬಿಸಿಲಿನ ಕ್ಯೂನಲ್ಲಿ ದಿನ ಕಳೆಯುವುದೇ ನನಗೆ ನುಂಗಲಾಗದ ಸಂಗತಿ. ಏಳು ದೇಶದ ಬದಲು ಎರಡು ನೋಡಿ. ಟ್ರ್ಯಾಮೇ ಬೇಕಿದ್ದರೆ 25ನೇ ನಂಬರು ಇದೆ, ಅಷ್ಟೇ ಹಳೆಯ ಹಳದಿ ಡಬ್ಬಿ, ಪ್ರಾಸ ದ ಫಿಗೇರ ಎಂಬ ಚೌಕದಿಂದ ಇದೇ ಪ್ರಜೇರೆಸ್‌ಗೆ ಬರುತ್ತದೆ. ನಾನು ಹತ್ತಿದಾಗೆಲ್ಲ ಸೀಟು ಸಿಕ್ಕಿದೆ.

ಇನ್ನೊಂದು ಮಾತಿದೆ, ಅದನ್ನು ತಳ್ಳಿಹಾಕುವುದು ಇಷ್ಟು ಸುಲಭವಿಲ್ಲ. ನಮ್ಮಂಥವರು ಬಡಾವಣೆಗಳಿಗೆ ನುಗ್ಗಿಯೇ ಅವು ಹಾಳಾಗುವುದು. ಲಿಸ್ಬನ್‌ನ ಹಳೆಯ ಬಡಾವಣೆ ಅಲ್ಫಾಮದಲ್ಲಿ ನಡೆದು ನೋಡಿ, ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ ಮನೆಗಳ ಬಾಗಿಲ ಪಕ್ಕ ನೇತುಹಾಕಿದ ನಂಬರಿನ ಚಾವಿ ಪೆಟ್ಟಿಗೆಗಳು. 2025ರಲ್ಲಿ ಪೋರ್ಚುಗಲ್‌ನ ಕನಿಷ್ಠ ಸಂಬಳ ತಿಂಗಳಿಗೆ 870 ಯೂರೊ. ಆ ಸಂಬಳದಲ್ಲಿ ಲಿಸ್ಬನ್‌ನ ಒಳಗೆ ಮನೆ ಹಿಡಿಯುವುದು ಕನಸಿನ ಮಾತು. 2017ರಲ್ಲಿ ನಾನೂ ಅಲ್ಫಾಮದಲ್ಲಿ ಅಂಥದೇ ಮನೆಯಲ್ಲಿ ಇಳಿದಿದ್ದೆ. ರಾತ್ರಿ ಹನ್ನೊಂದಕ್ಕೆ ಕಲ್ಲಿನ ಮೆಟ್ಟಿಲ ಮೇಲೆ ಟ್ರಾಲಿ ಎಳೆದುಕೊಂಡು ಹತ್ತುವಾಗ ಎದುರು ಮನೆಯ ಅಜ್ಜಿ ಕಿಟಕಿ ತೆರೆದು ನನ್ನನ್ನು ನೋಡಿದ ನೋಟ ಇವತ್ತಿಗೂ ಇದೆ. ಆ ಕಟ್ಟಡದಲ್ಲಿ ಬಾಡಿಗೆಗೆ ಇದ್ದವರೆಂದು ಉಳಿದವರು ಅವರೊಬ್ಬರೇ ಎಂದು ಆಮೇಲೆ ಗೊತ್ತಾಯಿತು. ಆವತ್ತಿನಿಂದ ಜನ ಬದುಕಬೇಕಾದ ಮನೆಯನ್ನು ರಜೆಗೆ ಹಿಡಿಯುವುದು ಬಿಟ್ಟೆ. ರಾತ್ರಿಗೆ 4 ಯೂರೊ ಪ್ರವಾಸಿ ತೆರಿಗೆ ಹಾಕುತ್ತಾರೆ ಎಂದು ಗೊಣಗುವವರ ಜೊತೆ ನಾನು ಸೇರುವುದಿಲ್ಲ.

ಆ ಮೈಸೂರಿನ ಹುಡುಗನಿಗೆ ಇಷ್ಟೆಲ್ಲ ಹೇಳಿದೆನೇ? ಇಲ್ಲ. 25ರ ವಿಷಯವಷ್ಟೇ ಹೇಳಿದೆ. ಹೇಳುವ ಯೋಗ್ಯತೆ ನನಗಿರಲಿಲ್ಲ.

2016ರಲ್ಲಿ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗಿದ್ದೆ. ರೋಮ್, ಫ್ಲೋರೆನ್ಸ್, ವೆನಿಸ್, ಐದು ದಿನ. ರೋಮ್‌ನಲ್ಲಿ ನಮ್ಮ ರೂಮಿನ ಹತ್ತಿರವೇ ಬೆಳಗಿನ ತರಕಾರಿ ಸಂತೆ. ಅಮ್ಮ ಅಲ್ಲಿ ಗಕ್ಕನೆ ನಿಂತರು. ಬುಟ್ಟಿ ತುಂಬ ಕುಂಬಳ ಹೂವಿನ ಹಾಗಿದ್ದ ಹೂಗಳು. ಅಲ್ಲಿಯವರು ಒಳಗೆ ಚೀಸು ತುಂಬಿ, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನಾವು ಪೋಡಿ ಮಾಡುವುದಿಲ್ಲವೇ, ಹೆಚ್ಚು ಕಡಿಮೆ ಹಾಗೆಯೇ. "ಇವರೂ ಪೋಡಿ ಮಾಡ್ತಾರಾ? ಕೇಳು ಮಾರಾಯ್ತಿ, ಹ್ಯಾಗೆ ಮಾಡುದು ಅಂತ" ಎಂದರು. ಮಾರುವಾಕೆಯೂ ನಗುತ್ತಾ ಒಂದು ಹೂ ಎತ್ತಿ ಹಿಡಿದಿದ್ದಳು. ನಾನು ವಾಚು ನೋಡಿದೆ. ಕೊಲೋಸಿಯಮ್ಮಿಗೆ ಹತ್ತೂವರೆಯ ಸ್ಲಾಟು. "ಈಗ ಟೈಮಿಲ್ಲಮ್ಮ, ಬನ್ನಿ" ಅಂದು ಕೈ ಹಿಡಿದು ಎಳೆದುಕೊಂಡು ಹೋದೆ. ಕೊಲೋಸಿಯಮ್ಮಿನ ಮುಂದೆ ತೆಗೆದ ಫೋಟೊಗಳಲ್ಲಿ ಅಮ್ಮ ಎಲ್ಲದರಲ್ಲೂ ನಗುತ್ತಿದ್ದಾರೆ. ಆ ಫೋಟೊ ನಾನು ನೋಡುವುದಿಲ್ಲ. ಈಗ ಅವರ ಮಂಡಿ ಮನೆಯ ಮೆಟ್ಟಿಲಿಗೇ ಒಪ್ಪುವುದಿಲ್ಲ, ಇನ್ನು ವಿಮಾನ ಎಲ್ಲಿ.

ಶುಕ್ರವಾರ ರಾತ್ರಿ ಬಡಾವಣೆಯ ಒಂದು ಸಣ್ಣ ಊಟದಂಗಡಿಯ ಬಾಗಿಲಲ್ಲೇ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಿದ್ದರು. ಕಲ್ಲುಪ್ಪು ಬಿಟ್ಟರೆ ಬೇರೇನೂ ಹಚ್ಚುವುದಿಲ್ಲ. ದಪ್ಪ ಬ್ರೆಡ್ಡಿನ ಹೋಳಿನ ಮೇಲೆ ಇಟ್ಟು ತಿನ್ನಬೇಕು, ಇಳಿದ ಎಣ್ಣೆಯೆಲ್ಲ ಬ್ರೆಡ್ಡು ಕುಡಿಯುತ್ತದೆ, ಕೊನೆಗೆ ಆ ಬ್ರೆಡ್ಡು. ಪಕ್ಕಕ್ಕೆ ಬೇಯಿಸಿದ ಬಟಾಟೆ. ಊರಲ್ಲಿ ನಡುರಾತ್ರಿ ದಾಟಿತ್ತು, ಹಾಗಾಗಿ ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಮಾರ್ಕೆಟಿಗೇ ಹೋಗಿ ಮೀನಿನ ಕಟ್ಟೆ ತೋರಿಸಿದೆ.

"ಬೂತಾಯಿಯಾ? ಕೇಜಿಗೆ ಎಷ್ಟು?"

ಹೇಳಿದೆ. ರೂಪಾಯಿಯ ಲೆಕ್ಕ ಕೇಳಿ ಒಂದು ಸಲ ಬೈದರು. ನಿನ್ನೆ ಹೇಗೆ ತಿಂದೆ ಎಂದು ಕೇಳಿದರು. ಅದನ್ನೂ ಹೇಳಿದೆ, ಇಡೀ ಮೀನನ್ನೇ ಸುಡುತ್ತಾರೆ ಎಂದು.

"ಎಂತ? ಹೊಟ್ಟೆ ತೆಗೆಯದೆ ಸುಡುದಾ?"

"ಹೌದಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. "ಆ ಹೆಂಗಸಿನ ಹತ್ತಿರ ಫೋನ್ ಹಿಡಿ, ನಾನು ನೋಡ್ತೇನೆ" ಎಂದರು. ಹಿಡಿದೆ. ಮೀನಿನಾಕೆ ಒಂದು ಸಾರ್ಡೀನ್ ಎತ್ತಿ ಕಿವಿರು ಬಿಡಿಸಿ ಕೆಂಪು ತೋರಿಸಿದಳು. ಅಮ್ಮ ತಲೆಯಾಡಿಸಿದರು. "ತಾಜಾ ಉಂಟು. ಇಲ್ಲಿ ಜೂನ್ ಒಂದರಿಂದ ಬೋಟ್ ಬಂದ್, ಇನ್ನು ಆಗಸ್ಟಿಗೇ. ನೀನು ತಿನ್ನು."